ಅಕ್ಕೋರಿಗೆ ಕೇಳಿ: ರೋಖ, ಉದ್ರಿ ಮತ್ತು ಒಂದು ನೀರಿನ ಪೈಪು

ಈ ತಿಂಗಳ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಬಂದಿವೆ. ಹಿಂದಿನ ಸಂಚಿಕೆಯಲ್ಲಿ ನಾನು "ಎರಡನೇ ಮಹಾಯುದ್ಧದಲ್ಲಿ ಅಮೆರಿಕ 1941ರ ಡಿಸೆಂಬರ್‌ವರೆಗೆ ತಟಸ್ಥವಾಗಿತ್ತು" ಅಂತ ಒಂದು ಸಾಲು ಬರೆದಿದ್ದೆ. ನೀವು ಅದನ್ನು ಸುಮ್ನೆ ಬಿಡಲಿಲ್ಲ. ಒಳ್ಳೆಯದೇ ಆಯಿತು. ಈ ಸಲದ ಪುಟಗಳು ಪೂರ್ತಿ ಆ ಒಂದು ಸಾಲಿಗೇ.

ಆಳಂದದಿಂದ ಬಿ.ಎ. ವಿದ್ಯಾರ್ಥಿನಿ: ಅಕ್ಕೋರೇ, ಅಮೆರಿಕ 1941ರ ಡಿಸೆಂಬರ್‌ವರೆಗೆ ತಟಸ್ಥ ಅಂತ ಬರೆದಿದ್ದೀರಿ. ಆದರೆ ಅದೇ ವರ್ಷ ಮಾರ್ಚಿನಲ್ಲೇ ಬ್ರಿಟನ್ನಿಗೆ ಆಯುಧ ಕೊಡೋ ಕಾನೂನು ಮಾಡಿತು ಅಂತ ನಮ್ಮ ನೋಟ್ಸಿನಲ್ಲಿದೆ. ಜಗಳದಲ್ಲಿ ಒಬ್ಬರ ಕೈಗೆ ಮಾತ್ರ ಕೋಲು ಕೊಟ್ಟರೆ ಅದು ತಟಸ್ಥ ಹೇಗಾಗುತ್ತೆ?

ತಂಗಿ, ನೀನು ಹಿಡಿದದ್ದು ಸರಿ. ನನ್ನ ಸಾಲು ಅರ್ಧ ಮಾತ್ರ ನಿಜ. ಅಮೆರಿಕ ಯುದ್ಧ ಸಾರಿದ್ದು 1941ರ ಡಿಸೆಂಬರ್ 8ಕ್ಕೆ, ನಿಜ. ಆದರೆ ತಾನು ಯಾರ ಕಡೆ ಅನ್ನೋದನ್ನು ಅದು ಬಹಳ ಮೊದಲೇ ತೀರ್ಮಾನ ಮಾಡಿಕೊಂಡಿತ್ತು.

ಇದನ್ನು ಬಿಡಿಸಿ ನೋಡಲು ನನಗೆ ಅಪ್ಪನ ಒಂದು ಮಾತು ನೆರವಾಯಿತು. ಅಪ್ಪ ಕಲಬುರಗಿಯ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಮುನೀಮರು. ತೊಗರಿ ಸುಗ್ಗಿಯ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಮನೆಗೆ ಬರೋರು. ಬೆರಳ ತುದಿಗೆಲ್ಲ ಶಾಯಿ, ಕಾಲರಿನೊಳಗೆ ತೊಗರಿ ಹೊಟ್ಟು. ಅಂಗಡಿಯ ಗೋಡೆ ಮೇಲೆ "ಉದ್ರಿ ಕೇಳಬೇಡಿ" ಅಂತ ಬೋರ್ಡು. ಆದರೆ ಕೆಂಪು ಬಟ್ಟೆ ಹೊದಿಸಿದ ಖಾತೆ ವಹಿ ತೆರೆದರೆ ಪುಟ ತುಂಬಾ ಉದ್ರಿ. ಹಾಗಾದರೆ ಬೋರ್ಡು ಯಾಕಪ್ಪಾ ಅಂತ ಒಂದು ದಿನ ಕೇಳಿದೆ. ಅಪ್ಪ ಹೇಳಿದ್ದು ಇಷ್ಟು: "ಬೋರ್ಡು ಊರಿಗೆಲ್ಲಾ. ವಹಿ ನಮಗ. ಒಬ್ಬಗ ಎಷ್ಟು ವಾಯಿದೆ ಕೊಟ್ಟೀವಿ ಅನ್ನೋದು ನೋಡು. ಅಂವ ನಮಗ ಏನಾಗಬೇಕು ಅನ್ನೋದು ತಿಳೀತದ."

ಅಮೆರಿಕದ ಬೋರ್ಡಿನ ಮೇಲೆ "ತಟಸ್ಥ" ಅಂತ ಇತ್ತು. ನಾವು ವಹಿ ತೆರೆದು ನೋಡೋಣ.

1935ರ ಆಗಸ್ಟಿನಲ್ಲಿ ಅಲ್ಲಿನ ಸಂಸತ್ತು ತಟಸ್ಥತೆಯ ಮೊದಲ ಕಾನೂನು ಮಾಡಿತು. ಯುದ್ಧ ಮಾಡುತ್ತಿರುವ ಯಾವ ದೇಶಕ್ಕೂ ಆಯುಧ ಇಲ್ಲ. ಆಕ್ರಮಣ ಮಾಡಿದವನಿಗೂ ಇಲ್ಲ, ಏಟು ತಿಂದವನಿಗೂ ಇಲ್ಲ. ಮರುವರ್ಷ ಇನ್ನೊಂದು ಗಂಟು ಹಾಕಿದರು: ಸಾಲವೂ ಇಲ್ಲ. ಇಷ್ಟು ಬಿಗಿಯಾಗಿ ಬಾಗಿಲು ಹಾಕಿಕೊಳ್ಳಲು ಕಾರಣವಿತ್ತು. ಅದನ್ನು ಬೀದರ್‌ನ ಪತ್ರಕ್ಕೆ ಉತ್ತರಿಸುವಾಗ ಹೇಳುತ್ತೇನೆ.

ಇಬ್ಬರಿಗೂ ಒಂದೇ ಅನ್ನೋ ಕಾನೂನು ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? 1935ರಲ್ಲೇ ಇಟಲಿ ಇಥಿಯೋಪಿಯಾದ ಮೇಲೆ ಬಿತ್ತು. ಇಬ್ಬರಿಗೂ ಆಯುಧ ಬಂದ್ ಆಯಿತು. ಇಟಲಿಯ ಹತ್ತಿರ ತನ್ನದೇ ಕಾರ್ಖಾನೆಗಳಿದ್ದವು. ಇಥಿಯೋಪಿಯಾದ ಹತ್ತಿರ ಇರಲಿಲ್ಲ. ಪೆಟ್ರೋಲಿನ ಎಣ್ಣೆ ಆಯುಧದ ಪಟ್ಟಿಯಲ್ಲಿ ಸೇರಿರಲಿಲ್ಲ. ಹಾಗಾಗಿ ಅಮೆರಿಕದ ಎಣ್ಣೆ ಇಟಲಿಗೆ ಹೋಗುತ್ತಲೇ ಇತ್ತು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ಪ್ರತಿ ವರ್ಷ ನನ್ನ ದನಿ ಗಟ್ಟಿಯಾಗುತ್ತಿತ್ತು. ಉಳ್ಳವನಿಗೂ ಇಲ್ಲದವನಿಗೂ ಒಂದೇ ಬಾಗಿಲು ಮುಚ್ಚಿದರೆ ಸಾಯೋನು ಇಲ್ಲದವನು.

ಎರಡನೇ ಪುಟಕ್ಕೆ ಬಾ. 1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪೋಲೆಂಡಿಗೆ ನುಗ್ಗಿದ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸೆಪ್ಟೆಂಬರ್ 3ರ ರಾತ್ರಿ ರೇಡಿಯೋದಲ್ಲಿ ಮಾತಾಡಿದರು. ದೇಶ ತಟಸ್ಥವಾಗಿರುತ್ತದೆ, ಆದರೆ ಪ್ರತಿಯೊಬ್ಬರ ಮನಸ್ಸೂ ತಟಸ್ಥವಾಗಿರಲಿ ಅಂತ ನಾನು ಕೇಳಲಾರೆ ಅಂದರು. ನವೆಂಬರಿನಲ್ಲಿ ಕಾನೂನು ಬದಲಾಯಿತು. ಆಯುಧ ಕೊಳ್ಳಬಹುದು, ಆದರೆ ರೋಖ ಎಣಿಸಿ, ನಿಮ್ಮದೇ ಹಡಗು ತಂದು ಒಯ್ಯಿರಿ. ಗಂಜಿನ ಮಾತಿನಲ್ಲಿ ಹೇಳಬೇಕೆಂದರೆ, ರೊಕ್ಕ ಇಟ್ಟು ಗಾಡಿ ಹೂಡಿಕೊಂಡು ಹೋಗಿ, ದಾರಿಯಲ್ಲಿ ಚೀಲ ಬಿದ್ದರೆ ನಮ್ಮನ್ನು ಕೇಳಬೇಡಿ. ಜರ್ಮನಿಯೂ ಬಂದು ಕೊಳ್ಳಬಹುದಿತ್ತು, ಕಾನೂನು ಬೇಡ ಅಂದಿರಲಿಲ್ಲ. ಆದರೆ ಅಟ್ಲಾಂಟಿಕ್ ಸಮುದ್ರದ ಮೇಲೆ ಕಾವಲು ಬ್ರಿಟನ್ನಿನ ನೌಕಾಪಡೆಯದು. ಜರ್ಮನಿಯ ಸರಕು ಹಡಗು ಅಲ್ಲಿಗೆ ಹೋಗಿ ಬರುವ ಮಾತೇ ಇರಲಿಲ್ಲ. ಬೋರ್ಡು ಇನ್ನೂ ಗೋಡೆ ಮೇಲಿತ್ತು. ಗಿರಾಕಿ ಯಾರು ಅನ್ನೋದು ಗೊತ್ತಾಗಿತ್ತು.

1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದುಹೋಯಿತು. ಫ್ರಾನ್ಸಿನ ಡಂಕರ್ಕ್ ತೀರದಿಂದ ಬ್ರಿಟನ್ ಮತ್ತು ಅದರ ಮಿತ್ರರ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರು ಪಾರಾಗಿ ಬ್ರಿಟನ್ನಿಗೆ ಬಂದರು. ಆದರೆ ಅವರ ಫಿರಂಗಿ, ಲಾರಿ ಎಲ್ಲ ಮರಳಲ್ಲೇ ಉಳಿದವು. ಬ್ರಿಟನ್ ಒಂಟಿಯಾಯಿತು. ಸೆಪ್ಟೆಂಬರ್ 2ಕ್ಕೆ ರೂಸ್‌ವೆಲ್ಟ್ 50 ಹಳೆಯ ಯುದ್ಧನೌಕೆಗಳನ್ನು ಅವರಿಗೆ ಕೊಟ್ಟರು. ಬದಲಿಗೆ ಬ್ರಿಟನ್ ತನ್ನ ಕೈಕೆಳಗಿನ ಜಾಗಗಳಲ್ಲಿ ನೆಲೆ ಹಾಕಿಕೊಳ್ಳಲು 99 ವರ್ಷ ಬಿಟ್ಟುಕೊಟ್ಟಿತು. ಜಮೈಕಾ, ಟ್ರಿನಿಡಾಡ್ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಇಲ್ಲಿ ರೋಖವೂ ಇಲ್ಲ, ಉದ್ರಿಯೂ ಇಲ್ಲ. ಎತ್ತು ಕೊಟ್ಟು ಹೊಲ ಹಿಡಿದ ವ್ಯವಹಾರ.

ಕೊನೆಯ ಪುಟ ಮುಖ್ಯವಾದದ್ದು. 1940ರ ಡಿಸೆಂಬರ್ 8ಕ್ಕೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ರೂಸ್‌ವೆಲ್ಟ್ ಅವರಿಗೆ ಒಂದು ಉದ್ದದ ಪತ್ರ ಬರೆದರು. ನಾವು ರೋಖ ಕೊಡಲಾಗದ ಹೊತ್ತು ಹತ್ತಿರ ಬರುತ್ತಿದೆ ಅನ್ನೋದು ಅದರ ತಿರುಳು. ರೂಸ್‌ವೆಲ್ಟ್ ಆಗ ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ಮೇಲಿದ್ದರು. ಪತ್ರ ಅಲ್ಲಿಗೇ ಬಂತು. ಊರಿಗೆ ಮರಳಿದವರು ಡಿಸೆಂಬರ್ 17ರಂದು ಪತ್ರಕರ್ತರ ಮುಂದೆ ಒಂದು ಉದಾಹರಣೆ ಕೊಟ್ಟರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ. ನನ್ನ ಹತ್ತಿರ ತೋಟಕ್ಕೆ ನೀರು ಬಿಡುವ ಉದ್ದ ಪೈಪಿದೆ. "ಇದಕ್ಕೆ 15 ಡಾಲರ್ ಆಗಿದೆ, ಮೊದಲು ಅದನ್ನು ಕೊಡು" ಅಂತ ನಾನು ಕೇಳುತ್ತೀನಾ? ಇಲ್ಲ. ಬೆಂಕಿ ಆರಿದ ಮೇಲೆ ಪೈಪು ವಾಪಸ್ ಕೊಟ್ಟರೆ ಸಾಕು.

ಈ ಮಾತು ಓದಿದಾಗೆಲ್ಲ ನನಗೆ ಚಿಂಚೋಳಿ ತಾಲೂಕಿನ ನಮ್ಮ ಮುತ್ಯಾನ ಊರು ನೆನಪಾಗುತ್ತದೆ. ನಾನು ಆರನೇ ಕ್ಲಾಸು ಮುಗಿಸಿ ಬೇಸಿಗೆ ರಜೆಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಲ್ಲಿ ಪಕ್ಕದವರ ಕಣದಲ್ಲಿ ಕಣಕಿ ಬಣವೆಗೆ ಬೆಂಕಿ ಹತ್ತಿತು. ಆ ಮನೆಯವರಿಗೂ ಮುತ್ಯಾಗೂ ಬದುವಿನ ಜಗಳ. ಮೂರು ವರ್ಷ ಮಾತಿಲ್ಲ, ಮದುವೆ ಮುಂಜಿಗೆ ಕರೆಯಿಲ್ಲ. ಮುತ್ಯಾ ಕಟ್ಟೆಯಿಂದ ಎದ್ದು ಮೊದಲು ಗಾಳಿ ಯಾವ ಕಡೆಗಿದೆ ಅಂತ ನೋಡಿದರು. ಗಾಳಿ ನಮ್ಮ ಕಡೆಗೇ ಇತ್ತು. ನಮ್ಮ ಬಣವೆ ಇಪ್ಪತ್ತು ಮಾರು ದೂರ. ಅವರು ಬಾವಿಯ ಹಗ್ಗ ಬಿಚ್ಚಿದರು, ಹೋದ ವಾರವಷ್ಟೇ ತಂದ ಹೊಸ ಹಗ್ಗ. ಎರಡು ತಗಡಿನ ಡಬ್ಬಿ ಜೊತೆ ಅದನ್ನು ನನ್ನ ಕಾಕಾನ ಕೈಗೆ ಕೊಟ್ಟು ಓಡು ಅಂದರು. ಸಂಜೆ ಹಗ್ಗ ವಾಪಸ್ ಬಂತು. ಒಂದು ಕೊನೆ ಸುಟ್ಟು ಕರ್ರಗಾಗಿತ್ತು. ಮುಟ್ಟಿದರೆ ಬೂದಿ ಕೈಗೆ ಹತ್ತುತ್ತಿತ್ತು. ಮುತ್ಯಾ ಕುಡುಗೋಲಿನಿಂದ ಆ ಭಾಗ ಕೊಯ್ದು, ಹಳೆಯ ಹಗ್ಗದ ತುಂಡು ಸೇರಿಸಿ ಗಂಟು ಹಾಕಿ, ಮತ್ತೆ ಅದೇ ಬಾವಿಗೆ ಕಟ್ಟಿದರು. ಆ ಗಂಟು ರಾಟೆಯ ಮೇಲೆ ಹಾಯುವಾಗ ಟಕ್ ಅಂತ ಸದ್ದಾಗುತ್ತಿತ್ತು. ಆ ಬೇಸಿಗೆ ಪೂರ್ತಿ ಆ ಸದ್ದು ಕೇಳಿದ್ದೇನೆ.

ಮುತ್ಯಾ ಕೊಟ್ಟದ್ದು ದಯೆಯಿಂದಲೋ ಗಾಳಿಯ ಭಯದಿಂದಲೋ? ಎರಡೂ ಇತ್ತು. ರೂಸ್‌ವೆಲ್ಟ್ ಅವರದೂ ಹಾಗೇ. ಬ್ರಿಟನ್ ಬಿದ್ದರೆ ಅಟ್ಲಾಂಟಿಕ್ ದಾಟಿ ಬೆಂಕಿ ತಮ್ಮ ಕಡೆಗೇ ಬರುತ್ತದೆ ಅಂತ ಅವರು ಬಚ್ಚಿಡದೆ ಹೇಳಿದರು. ಡಿಸೆಂಬರ್ 29ರ ರೇಡಿಯೋ ಭಾಷಣದಲ್ಲಿ ನಾವು ಪ್ರಜಾಪ್ರಭುತ್ವದ ಆಯುಧಶಾಲೆ ಆಗಬೇಕು ಅಂದರು. ಸಂಸತ್ತಿಗೆ ಬಂದ ಮಸೂದೆಗೆ 1776 ಅಂತ ನಂಬರ್ ಇಟ್ಟರು. ಅದು ಅವರ ಸ್ವಾತಂತ್ರ್ಯದ ವರ್ಷ. ಎರಡು ತಿಂಗಳು ಚರ್ಚೆ ನಡೆಯಿತು. ಕೆಳಮನೆಯಲ್ಲಿ 260ಕ್ಕೆ 165, ಸೆನೆಟ್ಟಿನಲ್ಲಿ 60ಕ್ಕೆ 31. 1941ರ ಮಾರ್ಚ್ 11ಕ್ಕೆ ಸಹಿ ಬಿತ್ತು. ಇದನ್ನೇ ಲೆಂಡ್-ಲೀಸ್ ಕಾನೂನು ಅನ್ನುತ್ತಾರೆ. ಅಮೆರಿಕದ ರಕ್ಷಣೆಗೆ ಯಾವ ದೇಶ ಉಳಿಯೋದು ಮುಖ್ಯ ಅಂತ ಅಧ್ಯಕ್ಷರಿಗೆ ಅನಿಸುತ್ತದೋ, ಆ ದೇಶಕ್ಕೆ ಸಾಮಾನು ಕೊಡಬಹುದು. ವಾಪಸಾತಿ ಹೇಗೆ ಅನ್ನೋದನ್ನೂ ಅವರೇ ತೀರ್ಮಾನಿಸಬಹುದು. ತಂಗಿ, ಇದು ವಾಯಿದೆಯೇ ಬರೆಯದ ಉದ್ರಿ. ಅಪ್ಪನ ವಹಿಯಲ್ಲಿ ಅಂಥ ಉದ್ರಿ ಇದ್ದದ್ದು ಬೀಗರಿಗೆ ಮಾತ್ರ.

ಅಲ್ಲಿಂದ ಮುಂದೆ ಸಾಮಾನು ಕೊಟ್ಟ ಮೇಲೆ ಅದು ತಲುಪಬೇಕಲ್ಲ? ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ಅಮೆರಿಕದ ನೌಕೆಗಳು ಕಾವಲಿಗೆ ಹೊರಟವು. 1941ರ ಅಕ್ಟೋಬರ್ 31ಕ್ಕೆ ರೂಬೆನ್ ಜೇಮ್ಸ್ ಅನ್ನೋ ನೌಕೆ ಮುಳುಗಿತು. ಅದರಲ್ಲಿ 100ಕ್ಕೂ ಹೆಚ್ಚು ಅಮೆರಿಕದ ನಾವಿಕರು ಸತ್ತರು. ಪರ್ಲ್ ಹಾರ್ಬರ್ ಅನ್ನೋ ಅಮೆರಿಕದ ನೌಕಾನೆಲೆಯ ಮೇಲೆ ಜಪಾನ್ ಬಾಂಬು ಹಾಕಲು ಇನ್ನೂ ಐದು ವಾರವಿತ್ತು. ಪರೀಕ್ಷೆಯಲ್ಲಿ ಬರೆಯೋದಾದರೆ ಹೀಗೆ ಬರಿ: ಮಾರ್ಚ್ 1941ರ ನಂತರ ಅಮೆರಿಕ ತಟಸ್ಥ ದೇಶವಲ್ಲ, ಯುದ್ಧ ಸಾರದ ದೇಶ. ನನ್ನ ಹಳೆಯ ಸಾಲನ್ನು ಹೊಡೆದು ಹಾಕು.

ಸೇಡಂನಿಂದ ಕಿರಾಣಿ ಅಂಗಡಿಯವರು: ಅಕ್ಕೋರೇ, ವ್ಯಾಪಾರಸ್ಥನಾಗಿ ಕೇಳ್ತೀನಿ. ಅಮೆರಿಕಕ್ಕೆ ಇದರಲ್ಲಿ ಲಾಭ ಆಯಿತಾ? ಉದ್ರಿ ವಸೂಲಾಯಿತಾ?

ಸಾವ್ಕಾರ್ರೇ, ಯುದ್ಧ ಮುಗಿಯೋವರೆಗೆ ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ಹೋದ ಸಾಮಾನಿನ ಬೆಲೆ ಸುಮಾರು 5,000 ಕೋಟಿ ಡಾಲರ್. ಅದರಲ್ಲಿ 3,100 ಕೋಟಿಗೂ ಹೆಚ್ಚು ಬ್ರಿಟನ್ ಕಡೆಗೆ, ಸುಮಾರು 1,100 ಕೋಟಿ ಸೋವಿಯತ್ ರಷ್ಯಾಕ್ಕೆ. ರಷ್ಯಾಕ್ಕೆ ಹೋದದ್ದರಲ್ಲಿ ಲಾರಿ, ಜೀಪುಗಳೇ ನಾಲ್ಕು ಲಕ್ಷದ ಹತ್ತಿರ. ಸೈನಿಕರ ಬೂಟು ಒಂದೂವರೆ ಕೋಟಿ ಜೊತೆ. ಡಬ್ಬಿ ಮಾಂಸ, ಒಣಗಿಸಿದ ಮೊಟ್ಟೆ ಪುಡಿ ಇವೆಲ್ಲ ಬೇರೆ. ಯುದ್ಧದಲ್ಲಿ ಸುಟ್ಟುಹೋದದ್ದಕ್ಕೆ, ತಿಂದು ಮುಗಿದದ್ದಕ್ಕೆ ಹೆಚ್ಚಾಗಿ ಬಿಲ್ಲು ಹಾಕಲಿಲ್ಲ.

ಆದರೆ ಸುಮ್ನೆ ಕೊಟ್ಟರು ಅಂತಲೂ ಅಲ್ಲ. ಕಾನೂನು ಬರುವ ಮೊದಲು ಬ್ರಿಟನ್ನಿನ ಗಂಟು ಪೂರ್ತಿ ಖಾಲಿಯಾಗಿದೆಯಾ ಅಂತ ನೋಡಿದರು. 1941ರ ಜನವರಿಯಲ್ಲಿ ಅಮೆರಿಕದ ಯುದ್ಧನೌಕೆಯೇ ದಕ್ಷಿಣ ಆಫ್ರಿಕಾದ ಬಂದರಿಗೆ ಹೋಗಿ ಬ್ರಿಟನ್ನಿನ ಚಿನ್ನ ತುಂಬಿಕೊಂಡು ಬಂತು. ಅಮೆರಿಕದಲ್ಲಿದ್ದ ದೊಡ್ಡ ಕಂಪನಿಯೊಂದನ್ನು ಬ್ರಿಟನ್ನಿನವರು ಕಡಿಮೆ ಬೆಲೆಗೆ ಮಾರಬೇಕಾಯಿತು. 1942ರ ಒಪ್ಪಂದದಲ್ಲಿ, ಯುದ್ಧ ಮುಗಿದ ಮೇಲೆ ನಿಮ್ಮ ಸಾಮ್ರಾಜ್ಯದೊಳಗಿನ ವ್ಯಾಪಾರಕ್ಕೆ ಹಾಕಿರುವ ಬೇಲಿ ತೆಗೆಯುವ ಮಾತಾಡಬೇಕು ಅಂತ ಬರೆಸಿಕೊಂಡರು. ನಿಮ್ಮಂಥ ಅನುಭವಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಆ ಸಾಮಾನೆಲ್ಲ ತಯಾರಾಗಿದ್ದು ಅಮೆರಿಕದ ಕಾರ್ಖಾನೆಯಲ್ಲಿ, ಕೂಲಿ ಸಿಕ್ಕಿದ್ದು ಅಮೆರಿಕದ ಕೈಗಳಿಗೆ. ಹತ್ತು ವರ್ಷ ಕಾಡಿದ ನಿರುದ್ಯೋಗ ಅಲ್ಲಿಗೆ ಕರಗಿತು.

1945ರ ಆಗಸ್ಟಿನಲ್ಲಿ ಜಪಾನ್ ಸೋತದ್ದೇ ತಡ, ಸರಬರಾಜು ನಿಂತೇಹೋಯಿತು. ಬ್ರಿಟನ್ ಮತ್ತೆ ಕೈಚಾಚಿತು. 375 ಕೋಟಿ ಡಾಲರ್ ಹೊಸ ಸಾಲ, ಉಳಿದ ಸಾಮಾನಿಗೆ 65 ಕೋಟಿ, ನೂರಕ್ಕೆ ಎರಡರ ಬಡ್ಡಿ, 50 ಕಂತು. ಕೊನೆಯ ಕಂತು ಕಟ್ಟಿದ್ದು ಯಾವಾಗ ಗೊತ್ತಾ? 2006ರ ಡಿಸೆಂಬರ್ 29. ಆ ಹೊತ್ತಿಗೆ ನನ್ನ ಶಿಷ್ಯರ ಮಕ್ಕಳು ನನ್ನ ಕ್ಲಾಸಿಗೆ ಬರುತ್ತಿದ್ದರು.

ಬೀದರ್‌ನಿಂದ ವಾಯುಪಡೆಯ ನಿವೃತ್ತರು: ಮೇಡಂ, ಹಿಟ್ಲರ್ ಎದುರಿಗೆ ನಿಂತಿದ್ದಾಗಲೂ ಸಹಾಯ ಬೇಡ ಅಂದ ಅಮೆರಿಕನ್ನರು ಹೇಡಿಗಳಲ್ಲವೇ? 165 ಜನ ವಿರುದ್ಧ ಮತ ಹಾಕಿದ್ದು ನಾಚಿಕೆಗೇಡು ಅಂತ ನನ್ನ ಅಭಿಪ್ರಾಯ.

ಅಣ್ಣಾರೇ, ಯೂನಿಫಾರ್ಮ್ ಹಾಕಿದವರು ನೀವು. ಈ ಮಾತು ಹೇಳುವ ಹಕ್ಕು ನಿಮಗಿದೆ. ಆದರೂ ನಾನು ಒಪ್ಪುವುದಿಲ್ಲ.

ಅವರ ಕಡೆಯ ಕಥೆ ಕೇಳಿ. 1917ರಲ್ಲಿ ಅವರನ್ನು ಮೊದಲನೇ ಮಹಾಯುದ್ಧಕ್ಕೆ ಕರೆದುಕೊಂಡು ಹೋಗಿದ್ದರು. ಇದು ಯುದ್ಧಗಳನ್ನೇ ಮುಗಿಸುವ ಯುದ್ಧ ಅಂದಿದ್ದರು. ಅಮೆರಿಕದವರೇ ಸುಮಾರು 1,16,000 ಜನ ಸತ್ತರು. ಕೊಟ್ಟ ಸಾಲವನ್ನು ಮಿತ್ರದೇಶಗಳು ನಿಲ್ಲಿಸಿಬಿಟ್ಟವು. 1930ರ ದಶಕದ ನಡುವೆ ಕಂತು ತಪ್ಪದೆ ಕಟ್ಟುತ್ತಿದ್ದದ್ದು ಪುಟ್ಟ ಫಿನ್ಲೆಂಡ್ ಒಂದೇ. 1934ರಲ್ಲಿ ಉತ್ತರ ಡಕೋಟದ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ವಿಚಾರಣೆ ಶುರು ಮಾಡಿತು. ಆಯುಧ ಕಂಪನಿಗಳು ಮತ್ತು ಬ್ಯಾಂಕುಗಳು ಆ ಯುದ್ಧದಲ್ಲಿ ಎಷ್ಟು ದುಡಿದವು ಅನ್ನೋದು ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಹೊಲ ಒಣಗಿ, ಕೆಲಸ ಹೋಗಿ, ಬ್ರೆಡ್ಡಿಗೆ ಸಾಲು ನಿಂತಿದ್ದ ಜನ ಅದನ್ನು ಓದಿದರು. ಇನ್ನೊಮ್ಮೆ ನಮ್ಮ ಹುಡುಗರನ್ನು ಕೊಡುವುದಿಲ್ಲ ಅಂದರು. ಮಗನನ್ನು ಮಣ್ಣು ಮಾಡಿ ಬಂದ ತಾಯಿ ಹೀಗಂದರೆ ಅದನ್ನು ಹೇಡಿತನ ಅನ್ನಲು ನನ್ನ ಬಾಯಿ ಬರುವುದಿಲ್ಲ.

ವಿರೋಧಿಸಿದವರಲ್ಲಿ ಒಳ್ಳೆಯ ಬುದ್ಧಿವಂತರಿದ್ದರು. ಒಹಾಯೋದ ಸೆನೆಟರ್ ರಾಬರ್ಟ್ ಟಾಫ್ಟ್ ಪೈಪಿನ ಉದಾಹರಣೆಗೆ ಉತ್ತರ ಕೊಟ್ಟರು: ಯುದ್ಧದ ಸಾಮಾನು ಕಡ ಕೊಡೋದು ಚ್ಯೂಯಿಂಗ್ ಗಮ್ ಕಡ ಕೊಟ್ಟ ಹಾಗೆ, ಅದನ್ನು ವಾಪಸ್ ಯಾರಿಗೆ ಬೇಕು? ಈ ಮಾತಿನಲ್ಲಿ ಸತ್ಯವಿತ್ತು. ಮುತ್ಯಾನ ಹಗ್ಗ ಸುಟ್ಟೇ ಬಂದಿತ್ತಲ್ಲ. ಮೊಂಟಾನಾದ ಸೆನೆಟರ್ ಬರ್ಟನ್ ವೀಲರ್ ಇನ್ನೂ ಕಟುವಾಗಿ ಹೇಳಿದರು. ಅದಕ್ಕೆ ಹಿನ್ನೆಲೆ ಬೇಕು. 1933ರಲ್ಲಿ ಹತ್ತಿಗೆ ಬೆಲೆ ಬರಲಿ ಅಂತ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟು, ಬೆಳೆದು ನಿಂತ ಹತ್ತಿಯನ್ನು ನೇಗಿಲು ಹೊಡೆಸಿ ಹೂಳಿಸಿತ್ತು. ಈ ಮಸೂದೆ ಬಂದರೆ ಪ್ರತಿ ನಾಲ್ಕು ಹುಡುಗರಲ್ಲಿ ಒಬ್ಬನನ್ನು ಹಾಗೇ ಹೂಳಬೇಕಾಗುತ್ತದೆ ಅಂದರು ವೀಲರ್. ನಮ್ಮ ಜಿಲ್ಲೆಯ ಹತ್ತಿ ಬೆಳೆಗಾರರಿಗೆ ಈ ಮಾತು ಎಲ್ಲಿ ಚುಚ್ಚುತ್ತದೆ ಅಂತ ಹೇಳಬೇಕಿಲ್ಲ. ರೂಸ್‌ವೆಲ್ಟ್ ಅದನ್ನು ತಮ್ಮ ತಲೆಮಾರಿನಲ್ಲೇ ಕೇಳಿದ ಅತಿ ಕೊಳಕು ಮಾತು ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 1940ರ ಚುನಾವಣೆಗೆ ಮುಂಚೆ ಬೋಸ್ಟನ್ನಿನಲ್ಲಿ ನಿಂತು, ನಿಮ್ಮ ಮಕ್ಕಳನ್ನು ಪರದೇಶದ ಯುದ್ಧಕ್ಕೆ ಕಳಿಸುವುದಿಲ್ಲ ಅಂತ ತಾಯಂದಿರಿಗೆ ಮಾತು ಕೊಟ್ಟವರೂ ಅವರೇ. ಆ ಮಾತು ಉಳಿಯಲಿಲ್ಲ. ನಾನು ರೂಸ್‌ವೆಲ್ಟ್ ಅವರ ಪರ. ಆದರೂ ಇದನ್ನು ಮುಚ್ಚಿಟ್ಟು ಪಾಠ ಹೇಳಲಾರೆ.

ಎಲ್ಲ ವಿರೋಧಿಗಳನ್ನೂ ನಾನು ಸಮರ್ಥಿಸುವುದಿಲ್ಲ. ವಿಮಾನ ಹಾರಿಸಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್ ನಿಮಗೆ ಗೊತ್ತೇ ಇರುತ್ತಾರೆ, 1927ರಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದವರು. ಯುದ್ಧಕ್ಕೆ ಇಳಿಯೋದೇ ಬೇಡ ಅನ್ನುತ್ತಿದ್ದ ಅಮೆರಿಕ ಫಸ್ಟ್ ಸಮಿತಿಯ ದೊಡ್ಡ ಮುಖ ಅವರು. 1941ರ ಸೆಪ್ಟೆಂಬರಿನಲ್ಲಿ ಒಂದು ಭಾಷಣದಲ್ಲಿ, ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರ ಪಟ್ಟಿಯಲ್ಲಿ ಯಹೂದಿಗಳ ಹೆಸರು ಹೇಳಿದರು. ಯುರೋಪಿನಲ್ಲಿ ಆ ಜನರನ್ನು ಹುಡುಕಿ ಕೊಲ್ಲುತ್ತಿದ್ದ ಹೊತ್ತದು. ಅದಕ್ಕೆ ಕ್ಷಮೆ ಇಲ್ಲ.

ಆದರೆ ಜೆನೆಟ್ ರ‍್ಯಾಂಕಿನ್ ಅವರನ್ನೂ ನೋಡಿ. ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಹೆಣ್ಣುಮಗಳು. 1917ರಲ್ಲಿ ಯುದ್ಧಕ್ಕೆ ಬೇಡ ಅಂತ ಮತ ಹಾಕಿದರು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ಮರುದಿನ ಕೆಳಮನೆಯಲ್ಲಿ 388 ಜನ ಹೌದು ಅಂದರು. ಬೇಡ ಅಂದದ್ದು ಅವರೊಬ್ಬರೇ. ಜನ ಮುತ್ತಿಕೊಂಡರು. ಅವರು ಟೆಲಿಫೋನ್ ಬೂತಿನೊಳಗೆ ಸೇರಿಕೊಂಡು ಪೊಲೀಸರನ್ನು ಕರೆಸಿಕೊಂಡು ಹೊರಬರಬೇಕಾಯಿತು. ಮುಂದೆ ಗಾಂಧೀಜಿಯ ದಾರಿ ತಿಳಿಯಲು ಹಲವು ಸಲ ಭಾರತಕ್ಕೆ ಬಂದರು. ಅವರ ಮತ ತಪ್ಪು ಅಂತಲೇ ನನ್ನ ಎಣಿಕೆ. ಅವರನ್ನು ಹೇಡಿ ಅನ್ನಬೇಡಿ ಅಣ್ಣಾರೇ. 388 ಜನರ ನಡುವೆ ಒಬ್ಬಳೇ ಎದ್ದು ನಿಲ್ಲೋದು ಸಣ್ಣ ಕೆಲಸವಲ್ಲ.

ಯಾದಗಿರಿಯಿಂದ ಓದುಗರು: ಇದೆಲ್ಲ ಅಮೆರಿಕ, ಯುರೋಪಿನ ಮಾತಾಯಿತು. ಆಗ ನಿಜಾಮರ ಕೈಕೆಳಗಿದ್ದ ನಮ್ಮ ಭಾಗಕ್ಕೆ ಇದರಲ್ಲಿ ಏನು ಪಾಲು?

ನಮ್ಮನ್ನು ಯಾರೂ ಕೇಳಲೇ ಇಲ್ಲ, ಅದೇ ನಮ್ಮ ಪಾಲು. ಅಮೆರಿಕದವರು ಆರು ವರ್ಷ ಕೂತು ಬೇಕೋ ಬೇಡವೋ ಅಂತ ವಾದ ಮಾಡಿದರು. ಇಲ್ಲಿ 1939ರ ಸೆಪ್ಟೆಂಬರ್ 3ಕ್ಕೆ ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಅಂತ ಸಾರಿಬಿಟ್ಟರು. ಒಬ್ಬ ಭಾರತೀಯ ನಾಯಕನನ್ನೂ ಕೇಳಿರಲಿಲ್ಲ. ಅದೇ ಸಿಟ್ಟಿಗೆ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು.

ನಮ್ಮ ಹೈದರಾಬಾದ್ ಸಂಸ್ಥಾನದ ಮಾತು ಇನ್ನೊಂದು ಥರ. ಬ್ರಿಟಿಷರು ನಿಜಾಮರಿಗೆ "ನಿಷ್ಠಾವಂತ ಮಿತ್ರ" ಅಂತ ಬಿರುದು ಕೊಟ್ಟಿದ್ದರು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಸ್ಪಿಟ್‌ಫೈರ್ ವಿಮಾನ ಹಾರಿಸಿದ ಪಡೆಗಳಲ್ಲಿ ಒಂದರ ಹೆಸರು 152 ಹೈದರಾಬಾದ್ ಸ್ಕ್ವಾಡ್ರನ್. ಅದರ ಲಾಂಛನದಲ್ಲಿ ನಿಜಾಮರ ಪೇಟವಿದೆ, ಕೆಳಗೆ ಅದೇ "ನಿಷ್ಠಾವಂತ ಮಿತ್ರ" ಅನ್ನೋ ಮಾತು. ಅಮೆರಿಕ ಪೈಪು ಕಡ ಕೊಡುವ ಮೊದಲೇ ನಮ್ಮ ಸಂಸ್ಥಾನದ ಹೆಸರು ಅಲ್ಲಿ ಹಾರಾಡುತ್ತಿತ್ತು. ಆ ಪಡೆಗೆ ದುಡ್ಡು ಕೊಟ್ಟದ್ದು ನಿಜಾಮರು. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದದ್ದು ರೈತರ ಕಂದಾಯದಿಂದ. ಸುರಪುರದ, ಶಹಾಪುರದ, ಸೇಡಂನ ರೈತರೂ ಅದರಲ್ಲಿದ್ದರು. ಅವರ ಮತ ಯಾರೂ ಎಣಿಸಲಿಲ್ಲ.

ಇನ್ನೊಂದು ನೋವಿನ ಸಂಗತಿ ಇದೆ. 1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹಡಗಿನ ಮೇಲೆ ಭೇಟಿಯಾಗಿ ಅಟ್ಲಾಂಟಿಕ್ ಘೋಷಣೆ ಹೊರಡಿಸಿದರು. ಎಲ್ಲ ಜನರಿಗೂ ತಮಗೆ ಬೇಕಾದ ಸರ್ಕಾರ ಆರಿಸಿಕೊಳ್ಳುವ ಹಕ್ಕಿದೆ ಅಂತ ಅದರಲ್ಲಿತ್ತು. ಭಾರತದಲ್ಲಿ ಆಸೆ ಚಿಗುರಿತು. ಸೆಪ್ಟೆಂಬರ್ 9ಕ್ಕೆ ಚರ್ಚಿಲ್ ತಮ್ಮ ಸಂಸತ್ತಿನಲ್ಲಿ ನಿಂತು, ಆ ಮಾತು ನಾಜಿಗಳ ಕೈಗೆ ಸಿಕ್ಕ ಯುರೋಪಿನ ದೇಶಗಳಿಗೆ, ಭಾರತಕ್ಕೆ, ಬರ್ಮಾಕ್ಕೆ ಅಲ್ಲ ಅಂದರು. ಬೆಂಕಿ ಆರಿಸಲು ನಮ್ಮ ಮನೆಯಿಂದಲೂ ನೀರು ಹೋಯಿತು. 25 ಲಕ್ಷ ಭಾರತೀಯರು ಆ ಯುದ್ಧದ ಸೈನ್ಯದಲ್ಲಿದ್ದರು. ಆದರೆ ಮನೆ ಯಾರದು ಅಂತ ಕೇಳಿದಾಗ ನಮ್ಮ ಹೆಸರು ಬರಲಿಲ್ಲ. ಲೆಂಡ್-ಲೀಸ್ ದೊಡ್ಡ ಕೆಲಸ ಅಂತ ನಾನು ನಂಬುತ್ತೇನೆ. ಈ ನೋವನ್ನೂ ಅದರ ಪಕ್ಕದಲ್ಲೇ ಇಟ್ಟುಕೊಂಡು ನಂಬುತ್ತೇನೆ.

ಶಹಾಬಾದ್‌ನಿಂದ ಒಂಬತ್ತನೇ ತರಗತಿ ಹುಡುಗ: ಅಕ್ಕೋರೇ, ಆ ಕಾಲದಲ್ಲಿ ಅಮೆರಿಕದಿಂದ ಬಂದ ಯಾವುದಾದರೂ ಸಾಮಾನು ಈಗ ನೋಡಲು ಸಿಗುತ್ತಾ?

ಸಿಗುತ್ತೆ ತಮ್ಮಾ. ಹರಿಯಾಣದ ರೇವಾಡಿಯಲ್ಲಿ ಹಳೆಯ ಉಗಿಬಂಡಿಗಳ ಶೆಡ್ಡಿದೆ. ಅಲ್ಲಿ ವಿರಾಟ್ ಅನ್ನೋ ದೊಡ್ಡ ಇಂಜಿನ್ ಇದೆ. ಯುದ್ಧದ ಕಾಲದಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ತಯಾರಾಗಿ ಭಾರತಕ್ಕೆ ಬಂದದ್ದು.

ಅಷ್ಟು ದೂರ ಹೋಗೋದು ಕಷ್ಟ ಅಂದರೆ ನಿಮ್ಮ ಆಯಿಯ ಪೆಟ್ಟಿಗೆ ನೋಡು. ನಮ್ಮ ಆಯಿಯ ಹತ್ತಿರ ದಾರಕ್ಕೆ ಪೋಣಿಸಿದ ರೂಪಾಯಿ ಸರ ಇತ್ತು. ನಿಜಾಮರ ನಾಣ್ಯಕ್ಕೆ ಹಾಲಿ ಸಿಕ್ಕಾ ಅನ್ನೋರು, ಬ್ರಿಟಿಷರದ್ದಕ್ಕೆ ಕಲ್ದಾರ. ಆಯಿಯ ಸರದಲ್ಲಿ ಇದ್ದದ್ದು ಕಲ್ದಾರ. ಯುದ್ಧ ಬಂದಾಗ ಜನ ಬೆಳ್ಳಿ ನಾಣ್ಯ ಬಚ್ಚಿಡಲು ಶುರು ಮಾಡಿದರು. ಸರ್ಕಾರ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ನೂರಕ್ಕೆ 91ರಿಂದ 50ಕ್ಕೆ ಇಳಿಸಿತು. ಅದೂ ಸಾಲಲಿಲ್ಲ. ಆಗ ಅಮೆರಿಕ ಲೆಂಡ್-ಲೀಸ್ ಲೆಕ್ಕದಲ್ಲೇ ಭಾರತಕ್ಕೆ ಸುಮಾರು 22 ಕೋಟಿ 60 ಲಕ್ಷ ಔನ್ಸ್ ಬೆಳ್ಳಿ ಕೊಟ್ಟಿತು. ಕರಾರು ಒಂದೇ: ಯುದ್ಧ ಮುಗಿದ ಮೇಲೆ ಔನ್ಸಿಗೆ ಔನ್ಸ್ ವಾಪಸ್. ದೇಶ ಭಾಗವಾದಾಗ ಈ ಸಾಲವೂ ಭಾರತ, ಪಾಕಿಸ್ತಾನದ ನಡುವೆ ಭಾಗವಾಯಿತು. ಅರ್ಧ ಬೆಳ್ಳಿಯ ಹಳೆಯ ನಾಣ್ಯಗಳನ್ನು ಕರಗಿಸಿ ಬೆಳ್ಳಿ ತೆಗೆಯಲು ಕಲ್ಕತ್ತಾದಲ್ಲಿ ಬೇರೆ ಕಾರ್ಖಾನೆಯನ್ನೇ ಹಾಕಿದರು. ನೀನು ಕೇಳಿದ್ದಕ್ಕೆ ಇದೇ ಸರಿಯಾದ ಉತ್ತರ: ಆ ಪೈಪನ್ನು ನಮ್ಮ ದೇಶ ವಾಪಸ್ ಕೊಟ್ಟಿದೆ.

ಆಯಿಯ ಪೆಟ್ಟಿಗೆಯಲ್ಲಿ ಜಾರ್ಜ್ ರಾಜನ ಮುಖದ ರೂಪಾಯಿ ಸಿಕ್ಕರೆ ಇಸವಿ ನೋಡು. ಆಮೇಲೆ ಒಂದು ಅಯಸ್ಕಾಂತ ತಾ. 1945ರದ್ದಾದರೆ ಅಂಟುವುದಿಲ್ಲ, ಅದರಲ್ಲಿ ಬೆಳ್ಳಿ ಇದೆ. 1947ರದ್ದಾದರೆ ಹಿಂದೆ ಹುಲಿಯ ಚಿತ್ರವಿರುತ್ತೆ, ತಟ್ಟನೆ ಅಂಟುತ್ತೆ, ಯಾಕೆಂದರೆ ಅದು ಪೂರ್ತಿ ನಿಕ್ಕಲ್. ಆಯಿಯನ್ನು ಕೇಳಿಯೇ ಪೆಟ್ಟಿಗೆ ತೆಗಿ. ಯಾವ ಇಸವಿಯದು ಸಿಕ್ಕಿತು ಅಂತ ನನಗೆ ಬರೆ.